ಸುಣ್ಣ ಹಚ್ಚಿದ ಮೂರು ಕಲ್ಲು

ನನ್ನ ಮಂಚದ ಕೆಳಗೆ ಒಂದು ತಗಡಿನ ಟ್ರಂಕು ಇದೆ. ಅದು ನನ್ನದಲ್ಲ, ಪಾಲಣ್ಣನದು. ಅದರಲ್ಲಿ ಕಾಲೇಜಿನ ಎಫ್.ಎ. ತರಗತಿಯ ನಾಲ್ಕು ಪುಸ್ತಕ, ಮೊಣಕೈ ಸವೆದ ಕರಿಯ ಕೋಟು, ಹಿತ್ತಾಳೆಯ ಒಂದು ರಸಮಟ್ಟ ಇವೆ. ರಸಮಟ್ಟವೆಂದರೆ ಗೋಡೆ ಕಟ್ಟುವವರು ಸಮ ನೋಡುವುದಕ್ಕೆ ಇಟ್ಟುಕೊಳ್ಳುತ್ತಾರಲ್ಲ, ಗಾಜಿನ ನಳಿಗೆಯಲ್ಲಿ ಗುಳ್ಳೆ ಓಡಾಡುವುದು, ಅದೇ. ಟ್ರಂಕು ಕಳುಹಿಸಿಕೊಡಲೇ ಎಂದು ಎರಡು ಸಲ ಕಾಗದ ಬರೆದೆ. ಉತ್ತರ ಬರಲಿಲ್ಲ. ಬರುವುದಿಲ್ಲವೆಂದು ಬರೆಯುವಾಗಲೇ ಗೊತ್ತಿತ್ತು. ಆದರೂ ಅದು ಅಲ್ಲಿರುವಷ್ಟು ದಿನ ನನಗೆ ನೆಮ್ಮದಿಯಿಲ್ಲ.

ನಾನು ಹೊಳಲ್ಕೆರೆಯ ಹತ್ತಿ ವ್ಯಾಪಾರಿಯ ಮಗ. ಹೆಸರು ಅಜ್ಜಪ್ಪ. ಹದಿನೆಂಟಕ್ಕೇ ಕಾಲೇಜಿನ ಹುಡುಗರಿಂದ 'ಅಜ್ಜ' ಎನ್ನಿಸಿಕೊಂಡವನು. ಪಾಲಣ್ಣ ಹೊಸದುರ್ಗಕ್ಕೂ ಹಿರಿಯೂರಿಗೂ ನಡುವಿನ ಬೋಳು ಗುಡ್ಡಗಳಲ್ಲಿರುವ ಒಂದು ಗೊಲ್ಲರ ಹಟ್ಟಿಯವನು. ಮೂವತ್ತು ಗುಡಿಸಲು, ಸುತ್ತ ಕಾರೆ ಮುಳ್ಳಿನ ಬೇಲಿ, ನಡುವೆ ದೇವರ ಗುಡಿಸಲು. ಎಂಟನೆಯ ವಯಸ್ಸಿನಲ್ಲಿ ಅವನ ಕಾಲು ಮುರಿಯಿತು. ಕುರಿಯ ಹಿಂದೆ ನಡೆಯಲಾರದ ಮಗನನ್ನು ಅವನ ಅಪ್ಪ ಗೊಲ್ಲಪ್ಪ ಪಕ್ಕದ ಹಳ್ಳಿಯ ಶಿವಕುಮಾರಪ್ಪ ಮೇಷ್ಟರ ಜಗಲಿಯ ಮೇಲೆ ಒಂದು ಮಳೆಗಾಲದ ಮಟ್ಟಿಗೆ ಕೂರಿಸಿ ಹೋದ. ಕಾಲು ಕೂಡಿಕೊಂಡಿತು, ಓದು ಮಾತ್ರ ನಿಲ್ಲಲಿಲ್ಲ. ಹಾಗೆ ಆ ಹಟ್ಟಿಯಲ್ಲಿ ಅಕ್ಷರ ಬಲ್ಲ ಮೊದಲನೆಯವನಾದ. ಚಿತ್ರದುರ್ಗದಲ್ಲಿ ಓದುವಾಗ ನಾವಿಬ್ಬರೂ ಭಾನುವಾರಗಳಲ್ಲಿ ಜೋಗಿಮಟ್ಟಿ ಹತ್ತುತ್ತಿದ್ದೆವು. ಅಲ್ಲಿಂದ ಅವನ ಊರ ಕಡೆಯ ಗುಡ್ಡಗಳನ್ನು ಬೆರಳು ಮಾಡಿ ತೋರಿಸುತ್ತಿದ್ದ. ನನಗೆ ಎಲ್ಲ ಗುಡ್ಡವೂ ಒಂದೇ ಥರ ಕಾಣುತ್ತಿತ್ತು.

ಬೆಂಗಳೂರಿನ ಕಾಲೇಜಿಗೆ ಬಂದ ಮೇಲೆ ಒಂದೇ ಕೋಣೆಯಲ್ಲಿದ್ದೆವು. ಕಾಲೇಜು ಎಂದರೆ ಊರಿನವರು ಏನೇನೋ ಅಂದುಕೊಂಡಿದ್ದಾರೆ. ಇರುವುದು ಇಷ್ಟು: ಪಾಠಕ್ಕೆ ಒಂದೇ ಬೆಂಚು, ಊಟಕ್ಕೆ ಒಂದೊಂದು ಜಾತಿಗೆ ಒಂದೊಂದು ಮನೆ. ನನಗೆ ನಮ್ಮವರ ಊಟದ ಮನೆ ಇತ್ತು. ಪಾಲಣ್ಣನನ್ನು ಒಳಗೆ ಕರೆಯುವ ಮನೆ ಊರಿನಲ್ಲೇ ಇರಲಿಲ್ಲ. ಅವನು ಕೋಣೆಯ ಹಿಂದಿನ ಹಿತ್ತಲಲ್ಲಿ ಮೂರು ಕಲ್ಲು ಹೂಡಿ ತಾನೇ ಮುದ್ದೆ ತೊಳಸಿಕೊಳ್ಳುತ್ತಿದ್ದ. ಎರಡು ವರ್ಷದಲ್ಲಿ ನಾನು ಅವನ ಮುದ್ದೆಯನ್ನು ಒಂದು ಸಲವೂ ಮುಟ್ಟಲಿಲ್ಲ. ಅವನೂ ಕರೆಯಲಿಲ್ಲ. ಇದನ್ನು ನಾವು ಸ್ನೇಹ ಎಂದು ಕರೆದುಕೊಂಡಿದ್ದೆವು.

ನಮ್ಮ ಕಡೆಯ ಮಾತಿಗೆ ಅಲ್ಲಿನ ಹುಡುಗರು ನಗುತ್ತಿದ್ದರು. ನಾನು 'ಐತೆ' ಬಿಟ್ಟು 'ಇದೆ' ಕಲಿತೆ. ಪಾಲಣ್ಣ ಕಲಿಯಲಿಲ್ಲ. ಅವನು ತರಗತಿಯ ಬಾಗಿಲು ದಾಟುತ್ತಲೇ ಹಿಂದಿನ ಸಾಲಿನಿಂದ ಯಾರಾದರೂ 'ಬ್ಯಾ' ಎಂದು ಕುರಿಯ ದನಿ ಮಾಡುತ್ತಿದ್ದರು. ಹೆಗಲ ಮೇಲಿನ ಕಂಬಳಿ ನೋಡಿ ಇನ್ನೊಬ್ಬ ಮೂಗು ಮುಚ್ಚಿಕೊಳ್ಳುತ್ತಿದ್ದ. ನಾನು ಬ್ಯಾ ಎನ್ನಲಿಲ್ಲ. ಎಂದವರ ಜೊತೆ ಕಾಫಿ ಮಾತ್ರ ಕುಡಿದೆ.

ಆಗ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡ ಕಟ್ಟುತ್ತಿದ್ದ ಗೋಡೆ ಏರುತ್ತಿತ್ತು. ಕಾಲೇಜಿನ ಚರ್ಚಾಕೂಟದಲ್ಲಿ ಒಂದು ಸಂಜೆ ಅದೇ ವಿಷಯ: ಕಟ್ಟೆಯಿಂದ ಪ್ರಜೆಗಳಿಗೆ ಹಿತವೋ ಅಹಿತವೋ. ಪಾಲಣ್ಣ ಎದ್ದು ನಿಂತ. ಬ್ಯಾ ಕೇಳಿತು. ಅವನು ಕಾಯ್ದು ಶುರುಮಾಡಿದ. ನೆಲದ ಏರಿಳಿತ, ಮಟ್ಟ ನೋಡುವ ರೀತಿ, ಹಿರಿಯೂರಿನ ಕೆಳಗಿನ ಒಣ ಹೊಲಗಳು, ಎಲ್ಲ ಹೇಳಿ ಕೊನೆಗೆ ಅಂದ: "ನೀರಿಗೆ ಜಾತಿ ಗೊತ್ತಿಲ್ಲ, ಹಣ ಗೊತ್ತಿಲ್ಲ. ಅದಕ್ಕೆ ಗೊತ್ತಿರೋದು ಮಟ್ಟ ಒಂದೇ. ಆ ಮಟ್ಟ ಓದೋಕೆ ಕಲ್ತೋರು ನೀರಿಗೆ ಹೆದರಬೇಕಾಗಿಲ್ಲ." ಚಪ್ಪಾಳೆ ಬಿತ್ತು. ವಿಜ್ಞಾನದ ಪ್ರೊಫೆಸರು ತಮ್ಮ ಮೇಜಿನಿಂದ ರಸಮಟ್ಟವನ್ನು ತೆಗೆದು ಬಹುಮಾನವಾಗಿ ಕೊಟ್ಟರು. ಮಾರನೆಯ ದಿನದಿಂದ ಬ್ಯಾ ನಿಂತಿತು. ಅವನು ನಡೆಯುವ ರೀತಿಯೇ ಬದಲಾಯಿತು. ನನಗೆ ಸಂತೋಷವಾಯಿತು, ಸ್ವಲ್ಪ ಹೊಟ್ಟೆಯೂ ಉರಿಯಿತು.

ಆ ಬೇಸಿಗೆಯ ರಜದ ಕೊನೆಯಲ್ಲಿ ನಾನು ಅವನ ಹಟ್ಟಿಗೆ ಹೋದೆ. ಅಪ್ಪ ಹತ್ತಿಯ ಕೆಲಸಕ್ಕೆ ಹೊಸದುರ್ಗಕ್ಕೆ ಹೊರಟಿದ್ದ, ಗಾಡಿಯಲ್ಲಿ ಜಾಗವಿತ್ತು. ರಜವೆಲ್ಲ ಬೆಂಗಳೂರಿನಲ್ಲೇ ಉಳಿದಿದ್ದ ಪಾಲಣ್ಣ ಹೊಸದುರ್ಗದಲ್ಲಿ ಜೊತೆಯಾದ, ಅಲ್ಲಿಂದ ಮುಂದೆ ಇಬ್ಬರೂ ನಡೆದೆವು. ಬೇಲಿಯ ಹೊರಗೆ ಮೆಟ್ಟು ಬಿಟ್ಟು ಒಳಗೆ ಕಾಲಿಟ್ಟರೆ ಹಟ್ಟಿಯೆಲ್ಲ ಸೇರಿತ್ತು. ಕುರಿ ಹೊಡೆದುಕೊಂಡು ಭದ್ರೆಯ ಕಡೆ ಮೇವಿಗೆ ಹೋಗಿದ್ದವರು ವಾರದ ಹಿಂದಷ್ಟೇ ಮರಳಿದ್ದರು. ಬೇಸಿಗೆಯಿಡೀ ಹಟ್ಟಿಯಲ್ಲಿ ಉಳಿದಿದ್ದವರು ಗೊಲ್ಲಪ್ಪ, ಅವನ ಹೆಂಡತಿ ಕಾಟಮ್ಮ, ಕಣ್ಣು ಕಾಣದ ಇಬ್ಬರು ಮುದುಕಿಯರು ಅಷ್ಟೇ. ಗೊಲ್ಲಪ್ಪ ದೇವರ ಎತ್ತುಗಳನ್ನು ಕಾಯುವವನು, ಹಾಗಾಗಿ ಹಟ್ಟಿ ಬಿಟ್ಟು ಹೋಗುವಂತಿರಲಿಲ್ಲ.

ದೇವರ ಎತ್ತುಗಳ ವಿಷಯ ಹೇಳಲೇಬೇಕು. ಅವುಗಳಿಗೆ ನೊಗ ಹೂಡುವುದಿಲ್ಲ, ಮಾರುವುದಿಲ್ಲ. ಹಟ್ಟಿ ಬೇರೆ ಕಡೆಗೆ ಹೋಗಬೇಕಾದರೆ ಅವುಗಳನ್ನು ಬಿಡುತ್ತಾರೆ. ಎಲ್ಲಕ್ಕಿಂತ ಮುಂದೆ ನಡೆಯುವ ಎತ್ತು ಎಲ್ಲಿ ಮಲಗಿ ಮೆಲುಕು ಹಾಕುತ್ತದೋ ಅಲ್ಲಿ ಹೊಸ ಬೇಲಿ. ಕಟ್ಟೆಯ ನೀರು ಬರುತ್ತದೆಂಬ ಸುದ್ದಿ ಕೇಳಿ ಹಟ್ಟಿಯ ಯಜಮಾನ ಜುಂಜಯ್ಯ ಬರುವ ಸೋಮವಾರ ಎತ್ತು ಬಿಡುವುದೆಂದು ನಿಶ್ಚಯ ಮಾಡಿದ್ದ. ಅಷ್ಟರಲ್ಲಿ ಓದಿದ ಹುಡುಗ ಬಂದ.

ಜುಂಜಯ್ಯ ದೇವರ ಗುಡಿಸಲಿನಿಂದ ಸರಕಾರದ ನೋಟೀಸು ತಂದು ಪಾಲಣ್ಣನ ಕೈಗೆ ಕೊಟ್ಟ. "ಓದಪ್ಪ. ಶ್ಯಾನುಭೋಗ್ರು ಬಾಯಲ್ಲಿ ಹೇಳಿದ್ರು. ನಮ್ಮೋನು ಓದಿದ್ನ ಕೇಳಾಣ ಅಂತ ಇಟ್ಕಂಡಿದ್ವಿ."

ಪಾಲಣ್ಣ ಗಟ್ಟಿಯಾಗಿ ಓದಿದ. ಸುಣ್ಣ ಹಚ್ಚಿದ ಕಲ್ಲುಗಳು ಈ ಮಳೆಗಾಲದಲ್ಲಿ ನೀರು ಏರಬಹುದಾದ ಎಲ್ಲೆ, ಅದರಿಂದ ಕೆಳಗಿನವರು ಮುಂಚಿತವಾಗಿ ತೆರವು ಮಾಡತಕ್ಕದ್ದು, ಇಷ್ಟೇ ಇತ್ತು. ಎಲ್ಲರೂ ಕಲ್ಲು ನೋಡಲು ಇಳಿದೆವು. ಹಟ್ಟಿಯಿಂದ ಹಳ್ಳದ ಕಡೆಗೆ ಇನ್ನೂರು ಹೆಜ್ಜೆ ಕೆಳಗೆ ಸುಣ್ಣ ಹಚ್ಚಿದ ಮೂರು ಕಲ್ಲು ಸಾಲಾಗಿ ನಿಂತಿದ್ದವು. ಪಾಲಣ್ಣ ತಿರುಗಿ ಹಟ್ಟಿಯನ್ನು ನೋಡಿ ನಕ್ಕ.

"ಎತ್ತು ಬಿಡೋದು ಬ್ಯಾಡ ಯಜಮಾನ. ನೀರು ಇಲ್ಲಿಗೆ ನಿಲ್ತೈತೆ. ಹಟ್ಟಿ ಎಷ್ಟು ಮೇಲೈತೆ ನೋಡ್ರಿ."

"ಖಾತ್ರಿನಾ?"

"ಖಾತ್ರಿ."

ಆಮೇಲೆ ಎಲ್ಲರ ಮುಂದೆ ಕಾಲೇಜಿನ ವಿದ್ಯೆ ತೋರಿಸಬೇಕೆನ್ನಿಸಿತೋ ಏನೋ, ರಸಮಟ್ಟವನ್ನು ತೆಗೆದು ಒಂದು ಕಲ್ಲಿನ ತಲೆಯ ಮೇಲೆ ಅಡ್ಡಕೋಲಿಟ್ಟು ಅದರ ಮೇಲೆ ಕೂರಿಸಿದ. ಗುಳ್ಳೆ ನಡುವಿಗೆ ಬಂದಾಗ ಕೋಲಿನ ಗುಂಟ ಕಣ್ಣು ಹಾಯಿಸಿದ. ಹಳ್ಳದ ಆಚೆ ದಡದಲ್ಲಿ ಅದೇ ಸಾಲಿನ ನಾಲ್ಕನೆಯ ಕಲ್ಲು ಬೆಳ್ಳಗೆ ಕಾಣುತ್ತಿತ್ತು. ಅವನು ಮತ್ತೊಮ್ಮೆ ನೋಡಿದ. ನಾನೂ ನೋಡಿದೆ. ಒಂದೇ ಮಟ್ಟದಲ್ಲಿರಬೇಕಾಗಿದ್ದ ಆ ಕಲ್ಲು ನಮ್ಮ ನೋಟಕ್ಕಿಂತ ಎಷ್ಟೋ ಆಳೆತ್ತರ ಮೇಲಿತ್ತು.

"ಇದು ಸರಿ ಇಲ್ವಲ್ಲೋ" ಎಂದೆ ಮೆಲ್ಲಗೆ. "ಇಲ್ಲಿ ನೋಡು, ಕಲ್ಲಿನ ಬುಡದ ಮಣ್ಣೂ ಹೊಸದು."

"ಲೇ ಅಜ್ಜ, ದೊಡ್ಡ ಯಂತ್ರ ಇಟ್ಟು ಇಂಜಿನಿಯರು ನೋಡಿ ನೆಡಿಸಿದ ಕಲ್ಲು ಅವು. ನನ್ನ ಗೇಣುದ್ದದ ಹಿತ್ತಾಳೆ ನಂಬ್ಕಂಡು ಸರಕಾರದ ಕಲ್ಲು ತಪ್ಪು ಅಂಬ್ಲಾ? ಕೋಲು ಡೊಂಕೈತೆ, ಅಷ್ಟೇ." ರಸಮಟ್ಟವನ್ನು ಜೇಬಿಗೆ ಹಾಕಿದ.

ನಾನು ಮತ್ತೆ ಬಾಯಿ ತೆರೆಯಲಿಲ್ಲ. ಬಿಸಿಲು ಜೋರಾಗಿತ್ತು, ಹಸಿವಾಗಿತ್ತು, ಹಟ್ಟಿ ನನ್ನದಾಗಿರಲಿಲ್ಲ. ಗೊಲ್ಲಪ್ಪ ಗುಂಪಿನ ಹಿಂದೆ ನಿಂತು ಮಗನನ್ನು ನೋಡುತ್ತ ತನ್ನಷ್ಟಕ್ಕೆ ನಗುತ್ತಿದ್ದ. ಓದಿದ ಮಗನನ್ನು ಕಂಡ ಹೆಮ್ಮೆ ಎಂದುಕೊಂಡೆ.

ಹಿಂದಿರುಗುವಾಗ ಪಾಲಣ್ಣನ ತಂಗಿ ನಾಗಕ್ಕ ಬೇಲಿಯ ಬಾಗಿಲಲ್ಲಿ ಸಿಕ್ಕಳು. ಆದಿವಾಲಕ್ಕೆ ಕೊಟ್ಟಿದ್ದ ಹೆಣ್ಣು, ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಆ ಹಟ್ಟಿಯಲ್ಲಿ ಹೆರಿಗೆ ಬೇಲಿಯ ಒಳಗೆ ಆಗಕೂಡದು. ಕೆಳಗೆ ಹಳ್ಳದ ದಾರಿಯಲ್ಲಿ ಸೊಪ್ಪಿನ ಗುಡ್ಲು ಹಾಕಿಕೊಡುತ್ತಾರೆ. ಬಾಣಂತಿ ಮಗುವಿನೊಡನೆ ಇಷ್ಟು ದಿನ ಎಂದು ಅಲ್ಲೇ ಇದ್ದು, ಮಿಂದು, ಆಮೇಲೆ ಒಳಗೆ ಬರಬೇಕು.

"ಅಣ್ಣಯ್ಯ, ಗುಡ್ಲು ಕೆಳಗಲ್ವಾ ಹಾಕೋದು. ಅಲ್ಲಿಗೆ ಬರಲ್ವಾ ನೀರು?"

"ಬರಲ್ಲ ಕಣವ್ವ. ಕಲ್ಲು ಅದಕ್ಕಿಂತ ಕೆಳಗೈತೆ. ನೀನು ಸುಮ್ನೆ ಹೆತ್ಕಂಡು ಬಾ."

ಅವಳು ನಾಚಿ ಒಳಗೆ ಓಡಿದಳು.

ಶ್ರಾವಣದಲ್ಲಿ ಕಾಲೇಜಿಗೆ ಕಾರ್ಡು ಬಂತು. ಶಿವಕುಮಾರಪ್ಪ ಮೇಷ್ಟರ ಅಕ್ಷರ. 'ಹಟ್ಟಿಗೆ ನೀರು ಬಂದಿದೆ. ನಾಗಕ್ಕ ತೀರಿಕೊಂಡಳು. ಕೂಸು ಉಳಿದಿದೆ. ಕೂಡಲೇ ಹೊರಡುವುದು.' ಪಾಲಣ್ಣ ಕಾರ್ಡನ್ನು ನನಗೆ ಕೊಟ್ಟು ಕೋಟು ಬಿಚ್ಚಿ ಮಡಿಸಿ ಟ್ರಂಕಿನಲ್ಲಿಟ್ಟ. ನಾನೂ ಹೊರಟೆ. ಸ್ನೇಹಕ್ಕೆ ಹೊರಟೆನೆಂದು ಎಲ್ಲರೂ ಅಂದರು. ಆ ಬುಡದ ಹೊಸ ಮಣ್ಣು ನನ್ನ ಕಣ್ಣ ಮುಂದೆ ಕೂತಿತ್ತು, ಅದಕ್ಕೆ ಹೊರಟೆ.

ರೈಲಿನಲ್ಲಿ ಅವನು ನನ್ನ ಕಡೆ ತಿರುಗಿದ. "ಗುಳ್ಳೆ ಸರಿಯಾಗೇ ಹೇಳಿತ್ತು ಅಲ್ವೇನೋ?" ಎಂದ. ನಾನು ಹೌದೆಂದೆ.

ನಮ್ಮ ಕಡೆ ಆ ತಿಂಗಳು ಮಳೆಯೇ ಬಿದ್ದಿರಲಿಲ್ಲ, ಬರೀ ಗಾಳಿ. ಮಳೆ ಬಿದ್ದದ್ದು ಬಾಬಾಬುಡನಗಿರಿಯ ಕಡೆ. ಹೊಳೆ ತುಂಬಿ ಬಂತು, ಗೋಡೆ ತಡೆಯಿತು, ನೀರು ಹಿಂದಕ್ಕೆ ಗುಡ್ಡಗಳ ನಡುವೆ ಏರುತ್ತ ಬಂತು. ನಾವು ಹೋಗಿ ನೋಡಿದಾಗ ಕಾರೆ ಬೇಲಿಯ ತುದಿಗಳು ಮಾತ್ರ ನೀರಿನ ಮೇಲೆ ಕಾಣುತ್ತಿದ್ದವು. ಹಟ್ಟಿಯವರು ಮೇಲಿನ ಇಳಿಜಾರಿನಲ್ಲಿ ಕಂಬಳಿ ಕಟ್ಟಿಕೊಂಡು ಕೂತಿದ್ದರು. ಯಾರೂ ಅಳುತ್ತಿರಲಿಲ್ಲ. ಅಳುವುದೆಲ್ಲ ಮುಗಿದಿತ್ತು.

ಕಾಟಮ್ಮ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಹೇಳಿದಳು. ನಾಗಕ್ಕ ಹೆತ್ತು ಎಂಟನೆಯ ದಿನ. ಕೋಳಿ ಕೂಗುವ ಹೊತ್ತಿಗೆ ಕುರಿ ಕೂಡುವ ರೊಪ್ಪಕ್ಕೆ ನೀರು ಬಂದದ್ದು ಗೊತ್ತಾಗಿ ಎಲ್ಲರೂ ಮರಿಗಳನ್ನೂ ದೇವರ ಪೆಟ್ಟಿಗೆಯನ್ನೂ ಹೊತ್ತು ಮೇಲಕ್ಕೆ ಓಡಿದರು. ಬೆಳಕು ಹರಿದಾಗಲೇ ಕೆಳಗಿನ ಗುಡ್ಲಿನ ನೆನಪಾದದ್ದು. ನಾಗಕ್ಕ ಎದೆಮಟ್ಟ ನೀರಿನಲ್ಲಿ ಗುಡ್ಲಿನ ಕಂಬ ತಬ್ಬಿಕೊಂಡು ಕೂಸನ್ನು ತಲೆಯ ಮೇಲೆ ಎತ್ತಿ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಯಾರಿಗೂ ಗೊತ್ತಿಲ್ಲ. ಅವಳನ್ನು ಎತ್ತಿ ತಂದರು. ಆಮೇಲೆ ಚಳಿಜ್ವರ, ಸನ್ನಿ, ಐದನೆಯ ದಿನಕ್ಕೆ ಮುಗಿಯಿತು.

"ಅಣ್ಣಯ್ಯ ನೀರು ಬರಲ್ಲ ಅಂದಿದ್ದ, ನೀರು ಬರಲ್ಲ ಅಂದಿದ್ದ ಅಂತ ಕನವರಿಸ್ತಿದ್ಲು" ಎಂದಳು ಕಾಟಮ್ಮ. ಮಗನನ್ನು ಚುಚ್ಚಬೇಕೆಂದಲ್ಲ, ನಡೆದದ್ದನ್ನು ಹೇಳಿದಳು ಅಷ್ಟೇ. ನನಗೆ ಒಂದು ಬಟ್ಟಲು ಹಾಲು ಕೊಟ್ಟಳು. ನಾನು ಆ ಮನೆಯದು ಎಂದು ಬಾಯಿಗಿಟ್ಟದ್ದು ಅದೇ ಮೊದಲು. ಬಟ್ಟಲು ಬರಿದು ಮಾಡಿ ಕೊಟ್ಟೆ.

ಪಾಲಣ್ಣ ಅಪ್ಪನನ್ನು ಹುಡುಕಿಕೊಂಡು ಹೋದ. ಗೊಲ್ಲಪ್ಪ ಮೇಲೆ ಎತ್ತುಗಳ ಹತ್ತಿರ ಕೂತಿದ್ದ. ನಾನು ಹಿಂದೆಯೇ ಹೋದೆ, ನನ್ನನ್ನು ಅವರು ಬೇಡವೆನ್ನಲಿಲ್ಲ.

"ಅಪ್ಪಾ, ಕಲ್ಲು ನೆಟ್ಟಾಗ ಹಟ್ಟೀಲಿ ಇದ್ದೋನು ನೀನು. ಎಲ್ಲಿ ನೆಟ್ಟಿದ್ರು?"

ಗೊಲ್ಲಪ್ಪ ನಾವು ಕೂತಿದ್ದ ಜಾಗಕ್ಕಿಂತ ಮೇಲಕ್ಕೆ, ಗುಡ್ಡದ ಓರೆಗೆ ಕೈ ತೋರಿಸಿದ. ಅಲ್ಲಿ ಮೂರು ಗುಂಡಿ ಇನ್ನೂ ಹಾಗೇ ಇದ್ದವು.

ಆ ಕಡೆಯವರಿಗೆ ಸರಕಾರದ ಕಲ್ಲೆಂದರೆ ಕಾವಲಿನ ಕಲ್ಲು. ಸರಕಾರದ ದನಗಳು ಮೇಯುವ ಕಾವಲು ಎಲ್ಲಿಗೆ ಮುಗಿಯುತ್ತದೆಂದು ತೋರಿಸುವ ಕಲ್ಲು. ಅದನ್ನು ದಾಟಿದ ಕುರಿಯನ್ನು ಕಾವಲುಗಾರ ಹಿಡಿದು ದೊಡ್ಡಿಗೆ ಹಾಕುತ್ತಾನೆ. ಹಾಗಾಗಿ ತಾತನ ಕಾಲದಿಂದಲೂ ಕುರಿಯವರು ಆ ಕಲ್ಲುಗಳನ್ನು ವರ್ಷಕ್ಕೊಂದಿಷ್ಟು ಸರಿಸುತ್ತಲೇ ಬಂದಿದ್ದಾರೆ. ಸರಿಸಿದ ಕಲ್ಲಿನ ಆಚೆಗೆ ಕಾವಲುಗಾರ ಕಾಲಿಡುವುದಿಲ್ಲ, ಅವನಿಗೂ ಕಲ್ಲೇ ಪ್ರಮಾಣ.

"ಹಟ್ಟಿಗಿಂತ ಮೇಲೆ ನೆಟ್ಟು ಹೋದ್ರು. ನಮ್ಮ ಹಟ್ಟೀನೂ ಕಾವಲಿಗೆ ಸೇರಿಸಿದ್ರಲ್ಲ ಅಂತ ಎದೆ ಒಡೀತು ಕಣಪ್ಪ. ಮೂರು ಸಂಜೆ ಒಂದೊಂದೇ ಕಿತ್ತು ಕೆಳಗೆ ನೆಟ್ಟೆ."

"ನಾನು ನೋಟೀಸು ಓದ್ದಾಗ? ಅದು ನೀರಿನ ಕಲ್ಲು ಅಂತ ಆಗ ತಿಳೀಲಿಲ್ವಾ?"

"ತಿಳೀತು." ಗೊಲ್ಲಪ್ಪ ಎತ್ತಿನ ಕಾಲು ಸವರಿದ. "ಆಗ ಒಳಗೇ ಖುಷಿ ಪಟ್ಟೆ. ಕಾವಲಿನೋನು ಕಲ್ಲಿನ ತಾವ ನಿಲ್ತಾನೆ. ಅದು ಸರಕಾರದ ನೀರು, ಅದೂ ಕಲ್ಲಿನ ತಾವ ನಿಲ್ತೈತೆ, ಹಟ್ಟಿ ಉಳಿಸಿದೆ ಅಂದ್ಕಂಡೆ. ನೀನೂ ಅದ್ನೇ ಅಂದ್ಯಲ್ಲಪ್ಪ, ಇಲ್ಲಿಗೆ ನಿಲ್ತೈತೆ ಅಂತ. ಸರಕಾರದ ಕಲ್ಲು ಕಿತ್ತಿದ್ದು ಗೊತ್ತಾದ್ರೆ ನಿನ್ನ ಓದಿಗೆ ಕುತ್ತು ಬರ್ತೈತೆ ಅಂತ ಬಾಯಿ ಬಿಡ್ಲಿಲ್ಲ."

ಮುದುಕನ ಮೇಲೆ ನನಗೆ ಸಿಟ್ಟು ಬಂತು. ಅರೆಗಳಿಗೆಯಲ್ಲೇ ಅದು ಇಳಿಯಿತು. ಗುಳ್ಳೆಯನ್ನು ಕಣ್ಣಾರೆ ಕಂಡೂ ಸರಕಾರದ ಕಲ್ಲನ್ನು ನಂಬಿದವರು ನಾವು, ಇಬ್ಬರು ಕಾಲೇಜಿನವರು. ಅವನು ನಂಬಿದ್ದರಲ್ಲಿ ಹೆಚ್ಚಿನದೇನಿತ್ತು?

ಮಾರನೆಯ ಬೆಳಿಗ್ಗೆ ಹಟ್ಟಿ ಕೂಡಿತು. ಜುಂಜಯ್ಯ ಜೋರು ಮಾಡಲಿಲ್ಲ. "ಪಾಲಣ್ಣ, ನಾವು ಎತ್ತು ಬಿಡೋರಿದ್ವಿ. ನೀನು ಬ್ಯಾಡ ಅಂದೆ. ಓದಿದೋನು ಅಂತ ಕೇಳಿದ್ವಿ. ಹೆಂಗಾತು ಇದು? ಹೇಳಪ್ಪ" ಎಂದ.

ಗೊಲ್ಲಪ್ಪ ಏಳಲು ಹೊರಟ. ನಾನು ನೋಡಿದೆ, ಎರಡು ಕೈಯನ್ನೂ ನೆಲಕ್ಕೆ ಊರಿದ್ದ. ಅವನು ಎದ್ದು ನಿಜ ಹೇಳಿದ್ದರೆ ಏನಾಗುತ್ತಿತ್ತೆಂದು ನನಗೂ ಪಾಲಣ್ಣನಿಗೂ ಗೊತ್ತಿತ್ತು. ಹಟ್ಟಿಯನ್ನು ಮುಳುಗಿಸಿ ಬಾಣಂತಿಯನ್ನು ಕೊಂದವನಿಗೆ ಬೇಲಿಯೊಳಗೆ ಜಾಗವಿಲ್ಲ, ದೇವರ ಎತ್ತು ಮುಟ್ಟುವ ಹಾಗಿಲ್ಲ. ಆ ವಯಸ್ಸಿನಲ್ಲಿ ಅವನು ಹೋಗುವುದೆಲ್ಲಿಗೆ? ಪಾಲಣ್ಣ ಅಪ್ಪನ ಭುಜ ಒತ್ತಿ ಕೂರಿಸಿ ತಾನು ಎದ್ದ.

"ನಂದೇ ತಪ್ಪು. ನನ್ನ ಓದು ತಪ್ಪಿತು."

"ಕಾಲೇಜಿನಾಗೆ ಕಲಿಸಿದ್ದು ತಪ್ಪಾ?"

"ತಪ್ಪೇ."

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಜುಂಜಯ್ಯ ಗುಂಪಿನ ಕಡೆ ತಿರುಗಿ, ಮೇಷ್ಟರ ಶಾಲೆಗೆ ಹೋಗುತ್ತಿದ್ದ ಹಟ್ಟಿಯ ನಾಲ್ಕು ಮಕ್ಕಳು ನಾಳೆಯಿಂದ ಹೋಗುವುದು ಬೇಡವೆಂದ. ಎಲ್ಲರೂ ಹೂಂ ಎಂದರು. ಆ ನಾಲ್ಕು ಮಕ್ಕಳನ್ನು ಶಾಲೆಗೆ ಸೇರಿಸಲು ಪಾಲಣ್ಣ ಹಿಂದಿನ ಎರಡು ರಜ ಪೂರ್ತಿ ಮನೆಮನೆ ತಿರುಗಿದ್ದ. ಅವನೂ ಹೂಂ ಎಂದ.

ಸೋಮವಾರ ಎತ್ತು ಬಿಟ್ಟರಂತೆ. ಅದು ಹೋಗಿ ಮಲಗಿದ್ದು ಗುಡ್ಡದ ಓರೆಯಲ್ಲಿ, ಆ ಮೂರು ಗುಂಡಿಗಳಿಗಿಂತ ಇನ್ನೂ ಮೇಲೆ.

ಹೊರಡುವ ದಿನ ಹೊಸದುರ್ಗದ ದಾರಿಯಲ್ಲಿ ನಾನು ಜಗಳವಾಡಿದೆ. "ಅಪ್ಪನ್ನ ಉಳಿಸಿದೆ, ಸರಿ. ಆ ನಾಲ್ಕು ಮಕ್ಕಳು ಮಾಡಿದ ತಪ್ಪೇನು? ಅವರ ಮಕ್ಕಳು ಮಾಡಿದ ತಪ್ಪೇನು? ಒಬ್ಬ ಮುದುಕನಿಗಾಗಿ ಇಡೀ ಹಟ್ಟಿಯ ಕಣ್ಣು ಕಟ್ಟಿಬಿಟ್ಟೆಯಲ್ಲೋ!"

"ನಿನಗೆ ಅಪ್ಪ ಇದ್ದಾನೆ ಅಲ್ವಾ ಅಜ್ಜ?" ಎಂದ. "ನೀನೇನು ಮಾಡ್ತಿದ್ದೆ?"

ನಾನೇನು ಮಾಡುತ್ತಿದ್ದೆನೋ ಇವತ್ತಿಗೂ ಹೇಳಲಾರೆ. ಯಾರಿಗೂ ಬಾಯಿ ಬಿಡುವುದಿಲ್ಲವೆಂದು ನನ್ನಿಂದ ಮಾತು ತೆಗೆದುಕೊಂಡು ಅವನು ಅಲ್ಲಿಂದಲೇ ತಿರುಗಿಬಿಟ್ಟ. ಈಗ ಕುರಿ ಕಾಯುತ್ತಾನಂತೆ. ಯಾರಾದರೂ ಸರಕಾರದ ಕಾಗದ ತಂದರೆ ಶ್ಯಾನುಭೋಗರ ಹತ್ತಿರ ಹೋಗಿ ಎನ್ನುತ್ತಾನಂತೆ. ಇದು ಶಿವಕುಮಾರಪ್ಪ ಮೇಷ್ಟರು ಬರೆದ ಸುದ್ದಿ.

ಮೊನ್ನೆ ತರಗತಿಯಲ್ಲಿ ಅದೇ ಪ್ರೊಫೆಸರು ಹಾಜರಿ ಕೂಗುತ್ತ ಪಾಲಣ್ಣನ ಹೆಸರಿನ ಹತ್ತಿರ ನಿಂತರು. ಗೀಟು ಎಳೆದು, "ಒಳ್ಳೆಯ ಬುದ್ಧಿ ಇತ್ತು. ಆದರೆ ಈ ಜನಕ್ಕೆ ವಿದ್ಯೆಯ ಬೆಲೆ ಗೊತ್ತಿಲ್ಲ, ಅರ್ಧಕ್ಕೆ ಬಿಟ್ಟು ಕುರಿಗೇ ಹೋಗುತ್ತಾರೆ" ಎಂದರು. ಹಿಂದಿನ ಸಾಲಿನಿಂದ ಯಾರೋ ಬ್ಯಾ ಎಂದರು. ಎಲ್ಲರೂ ನಕ್ಕರು. ನಾನು ಎದ್ದು ನಿಂತೆ. ಏನೆಂದು ಕೇಳಿದರು. ಏನೂ ಇಲ್ಲವೆಂದು ಕೂತೆ.

ಕೋಣೆಗೆ ಬಂದು ಇದನ್ನು ಬರೆದೆ. ಮಾತು ಕೊಟ್ಟು ಬರೆಯುವುದು ತಪ್ಪೆಂದು ಗೊತ್ತಿದೆ. ಬರೆಯದೆ ಇರಲಾಗಲಿಲ್ಲ. ಟ್ರಂಕಿನಲ್ಲಿ ರಸಮಟ್ಟದ ಪಕ್ಕದಲ್ಲಿ ಇಡುತ್ತೇನೆ. ಯಾರ ಹೆಸರನ್ನೂ ಬದಲಿಸಲಿಲ್ಲ, ಬದಲಿಸುವ ಅಗತ್ಯವಿಲ್ಲ. ಆ ಹಟ್ಟಿಯಲ್ಲಿ ಇದನ್ನು ಓದಬಲ್ಲವನು ಒಬ್ಬನೇ. ಇನ್ನೊಬ್ಬ ಹುಟ್ಟದಂತೆ ಅವನೇ ನೋಡಿಕೊಂಡಿದ್ದಾನೆ.